ಉತ್ತರದ ಕೋಣೆಯ ಕಿಟಕಿ

ಬಾಡಿಗೆಗೆ ಮನೆ ನೋಡಲು ಹೋದವರು ಮೊದಲು ಅಡುಗೆಮನೆ ನೋಡುತ್ತಾರೆ. ಅದು ತಪ್ಪು. ಮೊದಲು ನೋಡಬೇಕಾದ್ದು ಬೀರುವಿನ ಹಿಂದುಗಡೆ. ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದು ಗೋಡೆಯ ಹತ್ತಿರ ಮೂಗು ಒಯ್ಯಿರಿ. ನೆನೆದ ಗೋಣಿಚೀಲದ ವಾಸನೆ ಬಂದರೆ, ಮೇಲೆ ಎಷ್ಟೇ ಹೊಸ ಬಣ್ಣ ಬಳಿದಿದ್ದರೂ ಕೆಳಗೆ ಬೂಷ್ಟು ಇದೆ ಎಂದೇ ತಿಳಿಯಬೇಕು. ಐರ್ಲೆಂಡಿನ ಈ ಕಾರ್ಕ್ ನಗರದಲ್ಲಿ ನಮ್ಮ ಕಡೆಯವರು ಯಾರೇ ಮನೆ ಹಿಡಿಯಲಿ, ಸಹಿ ಹಾಕುವ ಮೊದಲು ನನಗೊಂದು ಫೋನ್ ಮಾಡುತ್ತಾರೆ. ನಾನು ಏಜೆಂಟನಲ್ಲ. ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆ ಪ್ಯಾಕ್ ಮಾಡುವ ಕಡೆ ನನ್ನ ಕೆಲಸ, ರಾತ್ರಿ ಪಾಳಿ. ಆದರೆ ತುಮಕೂರಿನ ಮಂಡಿಯಲ್ಲಿ ಹತ್ತನೇ ವಯಸ್ಸಿಗೇ ಮೆಣಸಿನಕಾಯಿ ಮೂಟೆಗೆ ಮೊಣಕೈವರೆಗೆ ಕೈ ತೂರಿಸಿ, ಒಳಗೆ ತೇವ ಇದೆಯೋ ಇಲ್ಲವೋ ಎಂದು ಹೇಳುವುದನ್ನು ಕಲಿತಿದ್ದೆ. ಮೇಲಿನ ಕಾಯಿ ಎಲ್ಲರೂ ಒಣಗಿಸಿಯೇ ಇಟ್ಟಿರುತ್ತಾರೆ. ಹೊಟ್ಟೆಪಾಡಿಗೆ ಕಲಿತ ವಿದ್ಯೆಗೆ ವೀಸಾ ಬೇಕಾಗುವುದಿಲ್ಲ.

ಈಗಿರುವ ಮನೆ ಸಿಕ್ಕಿದ್ದೂ ಹಾಗೆಯೇ. ಬಂದರಿನ ಕಡೆಗೆ ಇಳಿಯುವ ಒಂದು ಗುಡ್ಡದ ಮೇಲೆ ಸಾಲುಮನೆಗಳು, ಅದರಲ್ಲಿ ಒಂದು. ನೋಡಲು ಬಂದವರ ಸಾಲು ಮೆಟ್ಟಿಲಿನಿಂದ ರಸ್ತೆಯವರೆಗೆ ನಿಂತಿತ್ತು. ಮನೆ ಮಾಲೀಕರು ದೂರದ ಸ್ಲೈಗೋ ಊರಿನಲ್ಲಿರುವವರು. ಅವರ ತಾಯಿ ಬದುಕಿ ಬಾಳಿದ ಮನೆ ಇದು. ಬಂದವರೆಲ್ಲ ತಮ್ಮ ಸಂಬಳ, ತಮ್ಮ ಕಂಪನಿ, ತಮ್ಮ ಶಿಸ್ತು ಇವುಗಳ ಬಗ್ಗೆ ಹೇಳಿಕೊಳ್ಳುತ್ತಿದ್ದರು. ನಾನು ಮಾಳಿಗೆಗೆ ಹೋಗಿ ಉತ್ತರದ ಕೋಣೆಯ ಬೀರು ಎಳೆದೆ. ಹಿಂದೆ ತಿರುಗಿದರೆ ಮಾಲೀಕರು ಬಾಗಿಲಲ್ಲಿ ನಿಂತಿದ್ದರು.

"ಈ ಗೋಡೆ ಬೆವರುತ್ತೆ," ಎಂದೆ.

"ನಾನು ಚಿಕ್ಕವನಾಗಿದ್ದಾಗಿಂದ ಬೆವರುತ್ತೆ," ಎಂದರು ಅವರು.

"ಎರಡು ವರ್ಷ ಮನೆ ನನಗೆ ಕೊಡಿ. ಈ ಗೋಡೆ ಮೇಲೆ ಒಂದು ಕಪ್ಪು ಚುಕ್ಕೆ ಕಂಡ್ರೆ ನಾನಾಗೇ ಖಾಲಿ ಮಾಡ್ತೀನಿ."

ಮಾಲೀಕರು ಸ್ವಲ್ಪ ಹೊತ್ತು ಗೋಡೆಯನ್ನೂ ಸ್ವಲ್ಪ ಹೊತ್ತು ನನ್ನನ್ನೂ ನೋಡಿ ಕೈ ಕುಲುಕಿದರು. ಚೌಕಾಶಿಯಲ್ಲಿ ಎಲ್ಲರೂ ಕೊಡುವುದನ್ನೇ ನೀವೂ ಕೊಡಲು ಹೋಗಬಾರದು. ಎದುರಿನವನಿಗೆ ಎಲ್ಲಿ ನೋಯುತ್ತಿದೆಯೋ ಅಲ್ಲಿ ಕೈ ಇಡಬೇಕು. ಮನೆಗೆ ಬಂದು ಹೇಳಿದಾಗ ಹೆಂಡತಿ ಮಾತ್ರ ಒಪ್ಪಲಿಲ್ಲ.

"ರೀ, ದೇವರ ಮೇಲೆ ಆಣೆ ಇಡೋದು ಕೇಳಿದ್ದೀನಿ, ಮಕ್ಕಳ ಮೇಲೆ ಇಡೋದು ಕೇಳಿದ್ದೀನಿ. ಗೋಡೆ ಮೇಲೆ ಯಾರಾದ್ರೂ ಇಡ್ತಾರಾ?"

ಅವಳ ಭಯಕ್ಕೆ ಕಾರಣವಿತ್ತು. ಅವಳು ನರ್ಸ್. ಅವಳ ಆಸ್ಪತ್ರೆಗೆ ಆ ಮನೆಯಿಂದ ಒಂದೇ ಬಸ್ಸು. ಮಗಳ ಶಾಲೆ ಎರಡು ಬೀದಿ ಕೆಳಗೆ, ಒಬ್ಬಳೇ ನಡೆದುಹೋಗಬಹುದು. ಈ ಊರಿನಲ್ಲಿ ಒಂದು ಮನೆ ಕಳೆದುಕೊಂಡರೆ ಇನ್ನೊಂದು ಅದೇ ಬಸ್ಸಿನ ದಾರಿಯಲ್ಲಿ, ಅದೇ ಶಾಲೆಯ ಹತ್ತಿರ ಸಿಗುತ್ತದೆ ಎಂದು ನಂಬುವವರು ಇನ್ನೂ ಮನೆ ಹುಡುಕಲು ಶುರುಮಾಡಿಲ್ಲದವರು. ಅಷ್ಟೆಲ್ಲವನ್ನೂ ನಾನು ಒಂದು ಗೋಡೆಯ ಚರ್ಮಕ್ಕೆ ಕಟ್ಟಿಹಾಕಿ ಬಂದಿದ್ದೆ. ಉತ್ತರದ ಕೋಣೆಯನ್ನು ಮಗಳಿಗೆ ಕೊಟ್ಟೆವು.

ಗೋಡೆ ಕಾಪಾಡುವುದೆಂದರೆ ಕಿಟಕಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ತಿಳಿದಿರುವುದು, ಅಷ್ಟೇ. ಇದರಲ್ಲಿ ನಮ್ಮವರು ಎರಡು ಪಂಗಡ. ಮೊದಲನೆಯವರು ತೆರೆಯುವುದೇ ಇಲ್ಲ. ಡಬ್ಲಿನ್ನಿನ ಬ್ಯೂಮಾಂಟ್ ಕಡೆ ಇರುವ ನನ್ನ ಗೆಳೆಯನೊಬ್ಬ ಗೋಡೆಯಲ್ಲಿರುವ ಗಾಳಿಕಿಂಡಿಗೂ ಹಳೇ ಸ್ವೆಟರ್ ತುರುಕಿ ಮೇಲೆ ಟೇಪ್ ಅಂಟಿಸಿದ್ದಾನೆ. ಒಳಗೆ ಕುಕ್ಕರಿನ ಹಬೆ, ಸ್ನಾನದ ಹಬೆ, ಹೀಟರಿನ ಮೇಲೆ ಒಣಹಾಕಿದ ಬಟ್ಟೆ. ಎಲ್ಲ ನೀರೂ ಮನೆಯಲ್ಲೇ ಉಳಿದು ಚಾವಣಿಯ ಮೂಲೆಯಲ್ಲಿ ಕಪ್ಪಾಗುತ್ತದೆ. ಎರಡನೆಯವರು ಬಿಸಿಲು ಕಂಡ ಕೂಡಲೇ ಎಲ್ಲ ಕಿಟಕಿ ತೆರೆದು ಆಫೀಸಿಗೆ ಹೋಗುತ್ತಾರೆ. ಹತ್ತು ನಿಮಿಷಕ್ಕೆ ಸಮುದ್ರದ ಕಡೆಯಿಂದ ಮೋಡ ಬಂದು, ಇರಚಲು ಹೊಡೆದು, ಸಂಜೆ ಬಂದು ನೋಡಿದರೆ ಹಾಸಿಗೆ ಹಿಂಡಬಹುದು. ಫೋನಿನಲ್ಲಿರುವ ಹವಾಮಾನವನ್ನು ನಂಬಬೇಡಿ. ಅದು ವಿಮಾನ ನಿಲ್ದಾಣದ ಹವಾಮಾನ. ನಿಮ್ಮ ಗುಡ್ಡದ್ದಲ್ಲ.

ನಾನು ಪಕ್ಕದ ಮನೆಯ ಅಜ್ಜಿಯನ್ನು ನಂಬಿದೆ. ಊರಿನ ಗಾಳಿಯನ್ನು ಊರಿನವರಿಂದಲೇ ತಿಳಿಯಬೇಕು. ಆಕೆಗೆ ಎಂಬತ್ತು ದಾಟಿದೆ. ಹುಟ್ಟಿದ್ದು ಅದೇ ಸಾಲುಮನೆಯಲ್ಲಿ, ಮದುವೆಯಾಗಿ ಬಂದದ್ದು ಅದೇ ಸಾಲಿನ ನಾಲ್ಕನೇ ಬಾಗಿಲಿಗೆ. ಬೆಳಿಗ್ಗೆ ಹತ್ತರ ಸುಮಾರಿಗೆ ಎರಡು ಮನೆಗಳ ಅಂಗಳದ ನಡುವಿನ ಮೋಟುಗೋಡೆಗೆ ಒರಗಿ ನಿಲ್ಲುತ್ತಾರೆ. ನಲವತ್ತು ದಾಟಿದ ನನ್ನನ್ನು 'ಬಾಯ್' ಎನ್ನುತ್ತಾರೆ. ಈ ಊರಿನಲ್ಲಿ ಎಂಬತ್ತರ ಗಂಡಸನ್ನೂ ಹಾಗೆಯೇ ಕರೆಯುತ್ತಾರಾದ್ದರಿಂದ ನಾನು ಉಬ್ಬಲಿಲ್ಲ. ಆಕೆಯ ಮಾತು ಯಾವಾಗಲೂ ಹವೆಯಿಂದಲೇ ಶುರು. ಕೆಲವು ದಿನ ಆಕಾಶ ನೋಡಿ, ನಮ್ಮ ಮಾಳಿಗೆ ಕಡೆ ಕಣ್ಣು ಹಾಯಿಸಿ, "ಫ್ರೆಶ್ ಎನಫ್ ಟುಡೇ, ಬಾಯ್" ಎನ್ನುತ್ತಿದ್ದರು. ತಾಜಾ ಗಾಳಿ ಇದೆ ಎಂದು ತಿಳಿದು ನಾನು ಹೋಗಿ ಕಿಟಕಿ ತೆರೆಯುತ್ತಿದ್ದೆ. ಚಳಿ ಮೂಳೆಗೆ ಇಳಿಯುತ್ತಿತ್ತು, ಆದರೆ ಆಕೆ ಹೇಳಿದ ಮೇಲೆ ಮುಗಿಯಿತು. ಕೆಲವು ದಿನ, "ವೆರಿ ಕ್ಲೋಸ್ ಟುಡೇ" ಎನ್ನುತ್ತಿದ್ದರು. ನಾನು ತಲೆಯಾಡಿಸಿ ಒಳಗೆ ಹೋಗಿ ಕಿಟಕಿ ಮುಚ್ಚುತ್ತಿದ್ದೆ.

ಇಂಗ್ಲಿಷ್ ಬಲ್ಲವರು ಇಷ್ಟರಲ್ಲೇ ನಕ್ಕಿರಬಹುದು. ನಮ್ಮ ಬಾಯಲ್ಲಿ ಕಿಟಕಿ ಮುಚ್ಚುವುದಕ್ಕೂ 'ಕ್ಲೋಸ್', ಹತ್ತಿರದ ಗೆಳೆಯನಿಗೂ 'ಕ್ಲೋಸ್'. ಇಂಗ್ಲಿಷಿನವರು ಮುಚ್ಚುವಾಗ ಕೊನೆಯ ಅಕ್ಷರವನ್ನು ಸೊಳ್ಳೆಯ ಹಾಗೆ ಗುಂಯ್ಗುಡಿಸುತ್ತಾರೆ, ಹತ್ತಿರ ಎನ್ನುವಾಗ ಹಾವಿನ ಹಾಗೆ ಬುಸ್ ಎನ್ನಿಸುತ್ತಾರೆ. ಅಜ್ಜಿಯದು ಬುಸ್. ತುಮಕೂರಿನಲ್ಲಿ ನಾವು ಅಂಗಡಿ ಕ್ಲೋಸ್, ಗೇಟ್ ಕ್ಲೋಸ್ ಎನ್ನುವುದೂ ಬುಸ್ಸೇ. ಹಾಗಾಗಿ ನನ್ನ ಕಿವಿಗೆ ಅದು ಅಪ್ಪಟ ಕನ್ನಡವಾಗಿ ಕೇಳಿಸಿತು: ಇವತ್ತು ಚೆನ್ನಾಗಿ ಮುಚ್ಚಪ್ಪಾ.

ಒಂದೂವರೆ ವರ್ಷ ಹೀಗೆ ನಡೆಯಿತು. ಗೋಡೆಯ ಮೇಲೆ ಒಂದು ಚುಕ್ಕೆ ಬರಲಿಲ್ಲ. ಚಳಿಗಾಲ ಕಳೆದ ಮೇಲೆ ಬೀರು ಎಳೆದು ನೋಡಿದರೆ ಗೋಡೆ ಮಗುವಿನ ಕೆನ್ನೆಯ ಹಾಗಿತ್ತು. ಅದರ ಫೋಟೋ ತೆಗೆದು ಬ್ಯೂಮಾಂಟ್ ಗೆಳೆಯನಿಗೆ ಕಳಿಸಿದೆ.

"ಏನ್ ಮಷೀನ್ ಹಾಕಿದ್ಯೋ ಗುರು?" ಎಂದು ಫೋನ್ ಮಾಡಿದ.

"ಮಷೀನ್ ಇಲ್ಲ. ಪಕ್ಕದ್ಮನೆ ಅಜ್ಜಿ."

"ಬಾಡಿಗೆಗೆ ಸಿಗ್ತಾರಾ?"

"ನಿನ್ನ ಪಕ್ಕದಲ್ಲೂ ಒಬ್ರು ಇರ್ತಾರೆ. ಮೊದ್ಲು ಆ ಸ್ವೆಟರ್ ಕೀಳು, ಆಮೇಲೆ ಹೋಗಿ ಮಾತಾಡ್ಸು."

ಅವನು ಸ್ವೆಟರನ್ನೂ ಕೀಳಲಿಲ್ಲ, ಮಾತನ್ನೂ ಆಡಿಸಲಿಲ್ಲ. ಸಲಹೆ ಬಿಟ್ಟಿ ಸಿಕ್ಕರೆ ಜನ ಅದನ್ನು ಬಿಟ್ಟಿಯ ಹಾಗೆಯೇ ನೋಡುತ್ತಾರೆ.

ಎರಡನೇ ವರ್ಷದ ಜುಲೈನಲ್ಲಿ ಸ್ಲೈಗೋದಿಂದ ಮಾಲೀಕರು ಫೋನ್ ಮಾಡಿದರು. ಸೆಪ್ಟೆಂಬರ್ ಕೊನೆಗೆ ಕರಾರು ಮುಗಿಯುತ್ತದೆ. ತಮ್ಮ ಚಿಕ್ಕಪ್ಪನ ಮಗ ಮನೆ ಕೇಳುತ್ತಿದ್ದಾನೆ. ತಾವೇ ಬಂದು ನೋಡಿ ತೀರ್ಮಾನ ಮಾಡುವುದಾಗಿ ಹೇಳಿದರು. ಗೋಡೆ ಹೇಗಿದೆ ಎಂದು ಕೇಳಿದರು. ಕನ್ನಡಿ ಹಾಗಿದೆ ಎಂದೆ. ಆಮೇಲೆ ಅವರು ಗಂಟಲು ಸರಿಮಾಡಿಕೊಂಡರು.

"ಪಕ್ಕದ ಮನೆಯಾಕೆ ನಮ್ಮ ತಾಯಿಯ ಗೆಳತಿ. ಗೊತ್ತಲ್ಲ?"

"ಗೊತ್ತು. ಬಹಳ ಒಳ್ಳೆಯವರು."

"ನೀವು ಆಕೆಯ ಮುಖ ಕಂಡ್ರೆ ಕಿಟಕಿ ಮುಚ್ಚಿಕೊಳ್ಳುತ್ತೀರಂತೆ."

ನಾನು ಇಲ್ಲ ಎಂದೆ. ಫೋನ್ ಇಟ್ಟ ಮೇಲೆ ಯೋಚಿಸಿದರೆ, ಹೌದು, ಆಕೆ ಮಾತಾಡಿದ ಕೂಡಲೇ ಎಷ್ಟೋ ದಿನ ನಾನು ಒಳಗೆ ಹೋಗಿ ಕಿಟಕಿ ಮುಚ್ಚಿದ್ದೇನೆ. ಆದರೆ ಆಕೆಯೇ ಹೇಳಿದ್ದಕ್ಕೆ ತಾನೆ? ಸಂಜೆ ಡ್ಯೂಟಿ ಮುಗಿಸಿ ಬಂದ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಶೂ ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿದಳು.

"ಏನಂತಾರೆ ಅವ್ರು? ಇನ್ನೊಂದ್ಸಲ ಹೇಳಿ."

"ವೆರಿ ಕ್ಲೋಸ್ ಟುಡೇ ಅಂತಾರೆ."

"ಕ್ಲೋಸ್ ಅಂದ್ರೆ ಸೆಕೆ ರೀ. ಗಾಳಿ ಆಡ್ತಿಲ್ಲ, ಉಸಿರು ಕಟ್ಟೋ ಹಾಗಿದೆ ಅಂತ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಬ್ಬ ತಾತ ಕ್ಲೋಸ್ ಅಂದ್ರು ಅಂತ ಕಿಟಕಿ ಮುಚ್ಚಿ, ಆತ ಕೆಂಪಗಾಗಿ, ಸೀನಿಯರ್ ಹತ್ರ ಬೈಸ್ಕೊಂಡಿದ್ದೆ. ಫ್ರೆಶ್ ಅಂದ್ರೆ ಚಳಿ. ಅವ್ರು ಪಾಪ ಮಾತು ಶುರು ಮಾಡೋಕೆ ಅಂದಿದ್ದು."

"ನಿಂಗೆ ಗೊತ್ತಿತ್ತು, ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಯಾಕೆ ಮುಚ್ತೀರ, ಯಾಕೆ ತೆಗೀತೀರ ಅಂತ ನಂಗೇನು ಗೊತ್ತು? ನಾನು ಅದೂ ಮೆಣಸಿನಕಾಯಿ ವಿದ್ಯೆ ಅಂದ್ಕೊಂಡಿದ್ದೆ."

ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆ, "ಎವ್ರಿಬಡಿ ನೋಸ್ ದಟ್, ಅಪ್ಪಾ," ಎಂದಳು. ಅವಳಿಗೆ ಎಂಟು ವರ್ಷ.

ಹಾಗಾದರೆ ಎರಡು ಬೇಸಿಗೆ ನಾನು ಮಾಡಿದ್ದು ಇಷ್ಟು: ಒಬ್ಬ ವಯಸ್ಸಾದ ಹೆಂಗಸು ಸೆಕೆಯಲ್ಲಿ ಅಂಗಳಕ್ಕೆ ಬಂದು, ಬೆವರು ಒರೆಸಿಕೊಂಡು, ಇವತ್ತು ಸೆಕೆ ಅಲ್ಲವಾ ಎಂದು ಮಾತು ತೆಗೆಯುತ್ತಾಳೆ. ನಾನು ತಲೆಯಾಡಿಸಿ, ಒಳಗೆ ಹೋಗಿ, ಆಕೆ ನೋಡುತ್ತಿದ್ದಂತೆಯೇ ಮನೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತೇನೆ. ಚಳಿಯಲ್ಲಿ ಮಾತ್ರ ಎಲ್ಲವನ್ನೂ ತೆರೆದಿಡುತ್ತೇನೆ. ಮಾಲೀಕರಿಗೆ ಅಷ್ಟು ಮೆತ್ತಗೆ ವಿಷಯ ಮುಟ್ಟಿಸಿದ್ದು ಆಕೆಯ ದೊಡ್ಡತನ.

ನಾನು ಅವತ್ತೇ ಮಾರ್ಗ ಬದಲಿಸಿದೆ. ಮನೆ ಉಳಿಯಬೇಕಾದರೆ ಆಕೆಯ ಸ್ನೇಹ ಉಳಿಯಬೇಕು. ಆಗಸ್ಟ್ ಪೂರ್ತಿ, ಆಕೆ ಕ್ಲೋಸ್ ಎಂದ ದಿನವೆಲ್ಲ ಓಡಿಹೋಗಿ ಕಿಟಕಿ ತೆರೆದೆ. ಹೇಳದ ದಿನವೂ ತೆರೆದೆ. ತೆರೆದ ಕಿಟಕಿಯಲ್ಲಿ ನಿಂತು ಕೈ ಬೀಸಿದೆ. ಆಕೆಯೂ ಬೀಸಿದರು, ಸ್ವಲ್ಪ ಅನುಮಾನದಿಂದ. ಆ ವರ್ಷದ ಆಗಸ್ಟ್ ಹವೆ ಎಂದರೆ ಬಂದರಿನಿಂದ ಒದ್ದೆ ಬಟ್ಟೆ ಹೊದಿಸಿದ ಹಾಗೆ. ಮಳೆ ಬಾರದು, ಗಾಳಿ ಬೀಸದು.

ಸೆಪ್ಟೆಂಬರ್ ಮೊದಲ ವಾರ ಉತ್ತರದ ಕೋಣೆಯ ಬೀರು ಎಳೆದೆ. ಗೋಡೆಯ ಬುಡದಿಂದ ಮೊಣಕಾಲೆತ್ತರಕ್ಕೆ, ಸಾಸಿವೆ ಸಿಡಿದ ಹಾಗೆ ಕಪ್ಪು ಚುಕ್ಕೆಗಳು.

ಅಲ್ಲೇ ಮಂಚದ ಮೇಲೆ ಕೂತೆ. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹತ್ತು ವರ್ಷದಿಂದ ನನ್ನ ಕೆಲಸವೇ ಅದು. ಕಾರ್ಖಾನೆಯಲ್ಲಿ ಮಾತ್ರೆಗೆ ತೇವ ತಾಗಬಾರದೆಂದು ಗೋಡೆಗೊಂದು ಮೀಟರ್ ಇರುತ್ತದೆ, ಸೆಕೆಯ ದಿನ ಹೊರಗಿನ ಬಾಗಿಲು ಒಂದು ನಿಮಿಷ ತೆರೆದಿದ್ದರೂ ಅದು ಕೂಗಿಕೊಳ್ಳುತ್ತದೆ. ಬೆಚ್ಚಗಿನ ಗಾಳಿ ಹೊಟ್ಟೆ ತುಂಬ ನೀರು ಹೊತ್ತು ತರುತ್ತದೆ. ಬಿಸಿಲು ಕಾಣದ ತಣ್ಣನೆಯ ಉತ್ತರದ ಗೋಡೆ ಸಿಕ್ಕಿತೋ, ಅಲ್ಲಿ ಇಳಿಸುತ್ತದೆ. ತಣ್ಣನೆಯ ಲೋಟದ ಹೊರಗೆ ನೀರು ಕೂರುವುದಿಲ್ಲವೇ, ಹಾಗೆ. ಚಳಿಗಾಲದ ಗಾಳಿ ಚರ್ಮಕ್ಕೆ ಕಠಿಣ, ಆದರೆ ಒಣಗಿದ್ದು. ಹತ್ತು ನಿಮಿಷ ಒಳಗೆ ಬಿಟ್ಟರೆ ಮನೆಯ ಹಬೆಯನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಅಂದರೆ ನಾನು ಅರ್ಥ ತಪ್ಪು ತಿಳಿದು ಮಾಡಿದ್ದೆಲ್ಲ ಸರಿಯಾಗಿತ್ತು. ಅರ್ಥ ಸರಿ ತಿಳಿದ ಒಂದೇ ತಿಂಗಳಲ್ಲಿ ಗೋಡೆ ಕೆಟ್ಟಿತು.

"ಒರೆಸಿ ಬಣ್ಣ ಹೊಡೀರಿ," ಎಂದಳು ಹೆಂಡತಿ.

"ಹೊಸ ಬಣ್ಣ ಕಂಡ್ರೆ ನಾನೇ ನಂಬಲ್ಲ. ಮಾಲೀಕರು ನಂಬ್ತಾರಾ?"

"ಹಾಗಾದ್ರೆ ಇನ್ಮೇಲಾದ್ರೂ ಮುಚ್ಚಿ."

"ಮುಚ್ಚಿದ್ರೆ ಅಜ್ಜಿ ಹೋಗ್ತಾರೆ. ತೆಗೆದ್ರೆ ಗೋಡೆ ಹೋಗುತ್ತೆ."

"ಎರಡೂ ಕಡೆ ಚೌಕಾಶಿ ಮಾಡಿ ಗೊತ್ತಲ್ಲ ನಿಮಗೆ. ಅವ್ರ ಹತ್ರ ಒಂದ್ಸಲ ನೆಟ್ಟಗೆ ಮಾತಾಡಿ ನೋಡಿ."

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಹೆಂಡತಿ ಡಬ್ಬಿಯಲ್ಲಿ ಕೋಡುಬಳೆ ಹಾಕಿಕೊಟ್ಟಿದ್ದಳು, ಅದನ್ನು ಮನೆಯಲ್ಲೇ ಬಿಟ್ಟು ಹೋದೆ. ತಪ್ಪು ಒಪ್ಪಿಕೊಳ್ಳಲು ಹೋಗುವಾಗ ತಿಂಡಿ ಒಯ್ಯಬಾರದು, ಲಂಚದ ಹಾಗೆ ಕಾಣುತ್ತದೆ. ಅಜ್ಜಿ ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟರು. ನಾನು ಬುಸ್ ಎನ್ನುವ ಕ್ಲೋಸ್, ಗುಂಯ್ ಎನ್ನುವ ಕ್ಲೋಸ್, ಎರಡನ್ನೂ ಬಾಯಲ್ಲಿ ಮಾಡಿ ತೋರಿಸಿ, ನಮ್ಮ ಊರಿನಲ್ಲಿ ಎರಡಕ್ಕೂ ಒಂದೇ ಸದ್ದು ಎಂದು ಹೇಳಿ, ಎರಡು ವರ್ಷದ ಕಥೆಯನ್ನು ಬಿಚ್ಚಿದೆ. ಆಕೆ ನಗಲಿಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ತಿಂದು ಮುಗಿಸಿ, ಆಮೇಲೆ ಮಾತಾಡಿದರು.

"ನಮ್ಮನೆಯವ್ರೂ ಹಾಗೇ ಮಾಡ್ತಿದ್ರು. ನಾನು ಬಾಯಿ ತೆಗೆದ್ರೆ ಎದ್ದು ಹೋಗ್ತಿದ್ರು. ಆದ್ರೆ ಅವ್ರಿಗೆ ಇಂಗ್ಲಿಷ್ ಚೆನ್ನಾಗಿ ಬರ್ತಿತ್ತು."

"ನಿಮ್ಮ ಮಾತು ಬೇಡ ಅಂತ ಅಲ್ಲ. ನೀವು ಹೇಳಿದ್ದೀರಿ ಅಂತಲೇ ಮುಚ್ತಿದ್ದೆ."

"ಅಂದ್ರೆ ಎರಡು ವರ್ಷ ನಾನು ಹೇಳಿದ ಹಾಗೆ ಕೇಳಿದ್ದೀಯ."

"ಒಂದು ದಿನ ತಪ್ಪಿಸಿಲ್ಲ."

"ನನ್ನ ಐದು ಮಕ್ಕಳಲ್ಲಿ ಒಬ್ರೂ ಎರಡು ದಿನ ಕೇಳಿದ್ದಿಲ್ಲ, ಬಾಯ್," ಎಂದು ಲೋಟಕ್ಕೆ ಇನ್ನಷ್ಟು ಚಹಾ ಸುರಿದರು.

ಗೋಡೆಯ ಮೇಲೆ ಚುಕ್ಕೆ ಬಂದಿರುವುದನ್ನೂ ಹೇಳಿದೆ. ಮುಂದೆ ಸೆಕೆಯ ದಿನ ಕಿಟಕಿ ಮುಚ್ಚಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ ಎಂದೆ. ಮುಚ್ಚು, ಆದರೆ ಮುಚ್ಚಿದ ಮೇಲೆ ಮತ್ತೆ ಹೊರಗೆ ಬಾ, ಅರ್ಧ ಮಾತಿನಲ್ಲಿ ಬಿಟ್ಟುಹೋಗಬೇಡ ಎಂದರು. ಈ ಷರತ್ತನ್ನು ನಾನು ಚೌಕಾಶಿಯಿಲ್ಲದೆ ಒಪ್ಪಿಕೊಂಡೆ. ಮಾಲೀಕರಿಗೆ ಏನಾದರೂ ಹೇಳುತ್ತೀರಾ ಎಂಬ ಪ್ರಶ್ನೆ ಬಾಯಿಗೆ ಬಂದಿತ್ತು, ಕೇಳಲಿಲ್ಲ.

ಸೆಪ್ಟೆಂಬರ್ ಕೊನೆಯ ಶನಿವಾರ ಮಾಲೀಕರು ಬಂದರು. ಬೆಳಗಿನಿಂದ ಸೆಕೆ. ನಾನು ಎಲ್ಲ ಕಿಟಕಿ ಮುಚ್ಚಿದ್ದೆ. ಅವರು ಶೂ ಬಿಚ್ಚುವ ಮೊದಲೇ ನಾನೇ ಮಾಳಿಗೆಗೆ ಕರೆದುಕೊಂಡು ಹೋಗಿ ಬೀರು ಎಳೆದೆ. ಹುಳುಕನ್ನು ಕೊಳ್ಳುವವನು ಕಂಡುಹಿಡಿಯುವ ಮೊದಲು ಮಾರುವವನು ತೋರಿಸಬೇಕು, ಆಗ ಅದು ಅರ್ಧ ಹುಳುಕು. ಅವರು ಬಗ್ಗಿ ಉಗುರಿನಿಂದ ಒಂದು ಚುಕ್ಕೆಯನ್ನು ಕೆರೆದರು. ನಾನು ಮೀಟರ್, ಲೋಟ, ಬೆಚ್ಚಗಿನ ಗಾಳಿ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಕೊಟ್ಟ ಮಾತಿನ ಪ್ರಕಾರ ನಾನು ಖಾಲಿ ಮಾಡ್ಬೇಕು," ಎಂದೆ.

"ಹೌದು, ಮಾತು ಹಾಗೇ ಇತ್ತು," ಎಂದು ಹೇಳಿ ಅವರು ಕೆಳಗಿಳಿದು ಅಂಗಳಕ್ಕೆ ಹೋದರು.

ಮೋಟುಗೋಡೆಯ ಆ ಕಡೆ ಅಜ್ಜಿ ನಿಂತಿದ್ದರು. ಇಬ್ಬರೂ ಮಾತಿಗೆ ಶುರುವಾದರು. ನಾನು ಮೇಲೆ ಮಗಳ ಕೋಣೆಯ ಕಿಟಕಿಯಲ್ಲಿ ನಿಂತಿದ್ದೆ. ಹೆಂಡತಿ ಹಿಂದಿನಿಂದ ಬಂದು ನನ್ನ ಪಕ್ಕ ನಿಂತಳು. ಎರಡು ಪದರದ ಗಾಜು. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಒಂದಕ್ಷರ ಕೇಳುತ್ತಿರಲಿಲ್ಲ. ತೆರೆದರೆ ಕದ್ದು ಕೇಳುತ್ತಿದ್ದೇನೆ ಎಂದು ಗೊತ್ತಾಗುತ್ತದೆ. ತೆರೆಯದಿದ್ದರೆ, ಅಜ್ಜಿ ನಿಂತಿರುವಾಗ ಮತ್ತೆ ಮುಚ್ಚಿದ ಕಿಟಕಿಯ ಹಿಂದೆ ಇದ್ದೇನೆ. ಅದೂ ಮಾಲೀಕರ ಕಣ್ಣೆದುರಿಗೆ. ಈ ಸಂದರ್ಭಕ್ಕೆ ನನ್ನ ಬಳಿ ಯಾವ ಸಲಹೆಯೂ ಇರಲಿಲ್ಲ.

"ತೆಗೀರಿ," ಎಂದಳು ಹೆಂಡತಿ.

"ಸೆಕೆ ಇದೆ."

"ಗೋಡೆ ಆಗ್ಲೇ ಹೋಗಿದೆ ರೀ. ತೆಗೀರಿ."

ಹಿಡಿ ತಿರುಗಿಸಿ ಕಿಟಕಿಯನ್ನು ಅಗಲವಾಗಿ ತೆರೆದೆ. ಇಬ್ಬರೂ ತಲೆ ಎತ್ತಿದರು. ಕೈ ಬೀಸುವುದೋ ಬೇಡವೋ ತಿಳಿಯಲಿಲ್ಲ. ಮಾಲೀಕರು ಕೆಳಗಿನಿಂದಲೇ ಮಾತಾಡಿದರು.

"ಇನ್ನೊಂದು ವರ್ಷ ಇರಿ."

ಗೋಡೆ ಕೆಟ್ಟಿದೆ, ಮಾತು ಮುರಿದಿದೆ. ಬುದ್ಧಿ ಇದ್ದವನು ಅಷ್ಟಕ್ಕೇ ಥ್ಯಾಂಕ್ಸ್ ಹೇಳಬೇಕು. ಆದರೆ ಬಾಯಿ ತನ್ನ ಅಭ್ಯಾಸ ಬಿಡಲಿಲ್ಲ.

"ಎರಡು," ಎಂದೆ.

ಹೆಂಡತಿ ನನ್ನ ಮೊಣಕೈ ಹಿಡಿದಳು. ಮಾಲೀಕರು ಅಜ್ಜಿಯ ಮುಖ ನೋಡಿದರು. ಅಜ್ಜಿ ನಮ್ಮನ್ನು ಒಮ್ಮೆ, ತೆರೆದ ಕಿಟಕಿಯನ್ನು ಒಮ್ಮೆ ನೋಡಿ, "ಆಹ್, ದೇ ಆರ್ ಗ್ರ್ಯಾಂಡ್," ಎಂದರು. ಮಾಲೀಕರು ಭುಜ ಹಾರಿಸಿ, "ಸರಿ, ಎರಡು," ಎಂದರು. ಗೋಡೆಯ ವಿಷಯ ಕರಾರಿನಲ್ಲಿ ಬೇಡ, ಅದು ನಮ್ಮ ತಾಯಿಗೇ ಬಗ್ಗಿರಲಿಲ್ಲ ಎಂದೂ ಸೇರಿಸಿದರು. ಅರ್ಧ ಗಂಟೆಯಲ್ಲಿ ಅಡುಗೆಮನೆಯ ಮೇಜಿನ ಮೇಲೆ ಸಹಿ ಆಯಿತು. ಅವರು ಕೋಡುಬಳೆ ತಿಂದು ಸ್ಲೈಗೋಗೆ ಹೊರಟರು.

ಸಂಜೆ ಚುಕ್ಕೆಗಳನ್ನು ಒರೆಸುತ್ತ ಹೆಂಡತಿಯನ್ನು ಕೇಳಿದೆ.

"ಗ್ರ್ಯಾಂಡ್ ಅಂದ್ರೆ ಏನು, ಸರಿಯಾಗಿ ಹೇಳು. ಬಹಳ ಒಳ್ಳೆಯವ್ರು ಅಂತಾನಾ, ಹೇಗೋ ನಡಿಯುತ್ತೆ ಅಂತಾನಾ?"

"ನಮ್ಮ ವಾರ್ಡಲ್ಲಿ ಬ್ಯಾಗ್ ಹಿಡ್ಕೊಂಡು ಮನೆಗೆ ಹೊರಟೋರೂ ಗ್ರ್ಯಾಂಡ್ ಅಂತಾರೆ, ಆಕ್ಸಿಜನ್ ಹಾಕಿಸ್ಕೊಂಡು ಮಲಗಿರೋರೂ ಗ್ರ್ಯಾಂಡ್ ಅಂತಾರೆ."

"ನಾವು ಯಾವುದು?"

"ಸಹಿ ಆಯ್ತಲ್ಲ ರೀ. ಆ ಮೂಲೆ ಬಿಟ್ಟಿದ್ದೀರ, ನೋಡಿ ಒರೆಸಿ."

ಒರೆಸಿದೆ.